ಡಾಕ್ಟರ್ ಮೇಸ್ತ್ರಿಯ ಬಲಗಿವಿ

ಹಳೇ ಕಾರು ಕೊಳ್ಳಲು ನಮ್ಮ ರಸ್ತೆಗೆ ಬರುವವರು ಮೊದಲು ಕೇಳುವುದು ಡಾಕ್ಟರನ್ನು. ಅವನು ಮನುಷ್ಯರಿಗೆ ಮದ್ದು ಕೊಡುವ ಡಾಕ್ಟರನಲ್ಲ, ಕಾರಿನ ಮೇಸ್ತ್ರಿ. ಮೊಳದುದ್ದದ, ಮರದ ಹಿಡಿಯ ಒಂದು ಸ್ಕ್ರೂಡ್ರೈವರ್ ಯಾವಾಗಲೂ ಅವನ ಸೊಂಟದಲ್ಲಿರುತ್ತದೆ. ಬಾನೆಟ್ ಎತ್ತಿಸಿ, ಎಂಜಿನ್ ಚಾಲೂ ಮಾಡಿಸಿ, ಅದರ ಮೊನೆಯನ್ನು ಎಂಜಿನ್ನಿನ ಮೈಗೆ ಊರುತ್ತಾನೆ. ಹಿಡಿಯನ್ನು ಬಲಗಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಾನೆ. ಸುತ್ತ ನಿಂತವರೆಲ್ಲ ಗಪ್‌ಚಿಪ್. ಡಾಕ್ಟರು ತಲೆ ಆಡಿಸುತ್ತಾ ಹ್ಞೂಂ, ಹ್ಞೂಂ ಅನ್ನುತ್ತಾನೆ. ಆಮೇಲೆ ಕಣ್ಣು ಬಿಟ್ಟು, “ಎದೆ ಗಟ್ಟಿ ಇದೆ. ಸ್ವಲ್ಪ ನೆಗಡಿ ಅಷ್ಟೇ. ಆಯಿಲ್ ಬದಲಾಯಿಸಿದ್ರೆ ಹೋಗುತ್ತೆ” ಅಂದನೆಂದರೆ ವ್ಯಾಪಾರ ಕುದುರಿದ ಹಾಗೆಯೇ.

ಆ ಬಲಗಿವಿ ಪೂರ್ತಿ ಕಿವುಡು. ಇದು ನನಗೆ ಹನ್ನೊಂದು ವರ್ಷದಿಂದ ಗೊತ್ತು.

ನನ್ನ ಅಂಗಡಿ ಹಳೇ ಕಾರುಗಳ ಯಾರ್ಡಿನ ಗೋಡೆಗೆ ಅಂಟಿಕೊಂಡೇ ಇದೆ. ಅಂಗಡಿ ಅಂದರೆ ಒಂದು ಕೋಣೆ, ಎರಡು ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿದ ರೆಕ್ಸಿನ್ ಸುರುಳಿಗಳು, ಬಾಗಿಲ ಮುಂದೆ ಒಂದು ಬೆಂಚು. ಕಾರಿನ ಸೀಟಿಗೆ ಕವರ್ ಹೊಲಿಯುವುದು ನನ್ನ ಕಸುಬು. ಕಾರು ನನ್ನ ಹತ್ತಿರ ಬರುವುದಿಲ್ಲ. ಯಾರ್ಡಿನವರು ಸೀಟು ಮಾತ್ರ ಬಿಚ್ಚಿ ತಂದು ಹಾಕುತ್ತಾರೆ, ಹೊಲಿದಾದ ಮೇಲೆ ಹೊತ್ತುಕೊಂಡು ಹೋಗುತ್ತಾರೆ. ಯಾವ ಸೀಟು ಯಾವ ಕಾರಿನದೋ ನಾನು ಕೇಳಿದವಳಲ್ಲ.

ಹಳೇ ಕವರ್ ಸುಲಿದಾಗ ಒಳಗೆ ಏನೇನಿರುತ್ತದೆ ಎಂದು ಬಲ್ಲವರು ಕಾರಿನಲ್ಲಿ ಕೂರುವ ಮುಂಚೆ ಎರಡು ಸಲ ಯೋಚಿಸುತ್ತಾರೆ. ಅಗಿದು ಅಂಟಿಸಿದ ಚೂಯಿಂಗ್ ಗಮ್, ಕಚ್ಚಿ ಉಗಿದ ಉಗುರು, ಮಗು ಕಕ್ಕಿದ ಹಾಲು ಹಕ್ಕಳೆಗಟ್ಟಿದ್ದು, ಮೂಗಿನಿಂದ ತೆಗೆದು ಸೀಟಿನಡಿ ಒರೆಸಿದ್ದು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬರುವವರ ಕಾರಿನಲ್ಲೂ ಇದೇ. ಮೊದಮೊದಲು ಮೂಗಿಗೆ ಸೆರಗು ಕಟ್ಟಿಕೊಳ್ಳುತ್ತಿದ್ದೆ. ಆಮೇಲೆ ರೂಢಿಯಾಯಿತು. ರೂಢಿಯಾಯಿತಲ್ಲ ಎನ್ನುವುದೇ ಈಗ ನನ್ನ ಸಂಕಟ.

ಡಾಕ್ಟರು ಈ ರಸ್ತೆಗೆ ಬಂದಾಗ ಅವನಿಗೆ ತಲೆ ತುಂಬ ಕೂದಲಿತ್ತು, ಮಾತು ಕಮ್ಮಿ. ಅದಕ್ಕೂ ಮೊದಲು ಬಸ್ಸು ರಿಪೇರಿ ಮಾಡುವ ದೊಡ್ಡ ಶೆಡ್ಡಿನಲ್ಲಿದ್ದ. ಅವನ ಬಲಕ್ಕೆ ಟಯರಿಗೆ ಗಾಳಿ ತುಂಬುವ ಯಂತ್ರ, ಅದರಾಚೆ ತಗಡು ಬಡಿಯುವವರು. ಹದಿನೆಂಟು ವರ್ಷ ಆ ಸದ್ದನ್ನು ಒಂದೇ ಕಿವಿಯಲ್ಲಿ ಕುಡಿದ. ಇಲ್ಲಿಗೆ ಬಂದ ಹೊಸದರಲ್ಲಿ ಒಳ್ಳೆಯ ಮನುಷ್ಯನೇ. ಒಮ್ಮೆ ಕೆಂಪು ಕಾರೊಂದನ್ನು ಎಡಗಿವಿಯಲ್ಲಿ ಕೇಳಿ ನೋಡಿ, ಕೊಳ್ಳಲು ಬಂದವನ ಮುಂದೆಯೇ, “ಸ್ವಾಮಿ, ಇದು ನಿಮ್ಮ ಮನೆ ತಲುಪಲ್ಲ, ತಲುಪಿದ್ರೂ ವಾಪಸ್ ಬರಲ್ಲ” ಅಂದುಬಿಟ್ಟ. ಗಿರಾಕಿ ಕೈಮುಗಿದು ಹೋದ. ಯಾರ್ಡಿನ ಮಾಲೀಕ ಆಮೇಲೆ ಎರಡು ತಿಂಗಳು ಡಾಕ್ಟರನ್ನು ಹತ್ತಿರ ಸೇರಿಸಲಿಲ್ಲ.

ಆ ಮಾಲೀಕನನ್ನು ನಾವೆಲ್ಲ ಹಸನ್ಮುಖಿ ಅನ್ನುತ್ತೇವೆ. ಬೈದರೂ ನಗುತ್ತಾನೆ, ಬೈಯುವಾಗಲೂ ನಗುತ್ತಾನೆ. ಎರಡು ತಿಂಗಳಾದ ಮೇಲೆ ಅವನು ನಗುತ್ತಲೇ ಡಾಕ್ಟರನ್ನು ಕರೆಸಿಕೊಂಡ. ಒಳಗೆ ಏನು ಮಾತಾಯಿತೋ, ಅಂದಿನಿಂದ ಡಾಕ್ಟರಿಗೆ ಎಲ್ಲ ಕಾರಿನಲ್ಲೂ ಬರೀ ನೆಗಡಿಯೇ ಕಾಣತೊಡಗಿತು.

ಕಿವಿಯ ಸಂಗತಿ ನನಗೆ ತಿಳಿದದ್ದು ಒಂದು ಜಿರಳೆಯಿಂದ. ಡಾಕ್ಟರು ನನ್ನ ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಿದ್ದ. ನಾನು ಅವನ ಬಲಕ್ಕಿದ್ದೆ. “ನಿನ್ನ ಅಂಗಿ ಮೇಲೆ ಜಿರಳೆ ಕಣಪ್ಪ” ಅಂದೆ. ಕದಲಲಿಲ್ಲ. ಜೋರಾಗಿ ಅಂದೆ. ಊಹ್ಞೂಂ. ಜಿರಳೆ ಕಾಲರ್ ಹತ್ತಿ ಕತ್ತಿನೊಳಕ್ಕೆ ಇಳಿದಾಗ ಎಗರಿ ಬಿದ್ದ. ಟೀಯೆಲ್ಲ ರೆಕ್ಸಿನ್ ಮೇಲೆ.

“ನಿನಗೆ ಈ ಕಿವಿ ಕೇಳಿಸಲ್ವೇನೋ?” ಅಂದೆ.

“ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ, ಯಾರ ಹತ್ರಾನೂ ಬಾಯಿ ಬಿಡಬೇಡಿ.”

“ಎಡಗಿವಿ ಸರಿ ಇದ್ಯಲ್ಲ, ಸ್ಕ್ರೂಡ್ರೈವರ್ ಆ ಕಡೆ ಇಟ್ಕೋಬಾರ್ದಾ?”

“ಆ ಕಡೆ ಇಟ್ರೆ ಕೇಳಿಸಿಬಿಡುತ್ತಲ್ಲಕ್ಕಾ!”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಂದಿನಿಂದ ಅವನ ಜೊತೆ ಮಾತಾಡಬೇಕಾದರೆ ನಾನು ಎದ್ದು, ಬೆಂಚು ಬಳಸಿ, ಅವನ ಎಡಗಡೆಗೆ ಹೋಗಿ ಕೂರುತ್ತಿದ್ದೆ. ನಾಲ್ಕು ಜನರ ಮುಂದೆ ಅವನು ‘ಆಂ? ಆಂ?’ ಅನ್ನುವಂತಾಗಬಾರದು ಎಂದು.

ಈ ಸಲದ ಮಳೆ ಮುಗಿದ ಹೊಸತರಲ್ಲಿ ಯಾರ್ಡಿನಿಂದ ಎರಡು ಮುಂದಿನ ಸೀಟು, ಒಂದು ಹಿಂದಿನ ಉದ್ದ ಸೀಟು ಬಂದವು. ಹೊತ್ತು ತಂದವರು ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದರು. ಕವರ್ ಸುಲಿದೆ. ಒಳಗಿನ ಸ್ಪಂಜು ಕರ್ರಗೆ, ಲೊಳಲೊಳ. ಒತ್ತಿದರೆ ಬೆರಳ ಸಂದಿಯಲ್ಲಿ ಚರಂಡಿಯ ರಾಡಿ ಒಸರಿತು, ಜೊತೆಗೆ ಬಿಳೀ ಹುಳ. ತಗ್ಗಿನ ಬಡಾವಣೆಯಲ್ಲಿ ಚರಂಡಿ ಉಕ್ಕಿ ನಾಲ್ಕು ದಿನ ನೀರು ನಿಂತಿತ್ತಲ್ಲ, ಅಲ್ಲಿ ಮುಳುಗಿದ್ದ ಕಾರಿನದು ಎಂದು ಕೇಳದೆಯೇ ಗೊತ್ತಾಯಿತು. ನಾನು ಗೋಡೆಯಾಚೆ ಕೂಗಿದೆ.

“ಇದನ್ನ ಬಿಸಾಡ್ರಪ್ಪಾ. ಹೊಸ ಸ್ಪಂಜು ತರಿಸಿ.”

ಹಸನ್ಮುಖಿ ತಲೆ ಹಾಕಿದ. “ಬಿಸಿಲಿಗೆ ಹಾಕಿ ಅಮ್ಮಾ, ಒಣಗುತ್ತೆ. ಮೇಲೊಂದು ಪ್ಲಾಸ್ಟಿಕ್ ಹಾಳೆ ಸುತ್ತಿ ಹೊಲಿದುಬಿಡಿ. ಒಳಗಿಂದೆಲ್ಲಾ ಯಾರ್ ನೋಡ್ತಾರೆ?”

ಹೊಲಿದೆ. ಇದನ್ನು ಮುಚ್ಚಿಡುವುದಿಲ್ಲ. ಮೂರು ದಿನ ಬಿಸಿಲಿಗೆ ಹಾಕಿ, ಹುಳ ಕೊಡವಿ, ಪ್ಲಾಸ್ಟಿಕ್ ಸುತ್ತಿ, ಮೇಲೆ ಕಪ್ಪು ರೆಕ್ಸಿನ್ ಎಳೆದು ಹೊಲಿದೆ. ಕೊನೆಗೆ, ಎಲ್ಲ ಕವರಿಗೂ ಹಾಕುವಂತೆ, ಸೀಟಿನ ಹಿಂದೆ ಕೆಳಗೆ ಮಡಚಿದ ಅಂಚಿನಲ್ಲಿ ನೀಲಿ ದಾರದ ಮೂರು ಗಂಟು ಹಾಕಿದೆ. ಹೊಲಿಗೆ ಬಿಟ್ಟಿತೆಂದು ಯಾರಾದರೂ ತಕರಾರು ತಂದರೆ, ನನ್ನ ಕೆಲಸವೋ ಅಲ್ಲವೋ ತಿಳಿಯಲಿ ಎಂದು ಆ ಗುರುತು. ಅವತ್ತು ಕೈಯನ್ನು ಎಷ್ಟು ಸಲ ಸೋಪು ಹಚ್ಚಿ ತೊಳೆದರೂ ಊಟದ ಹೊತ್ತಿಗೆ ಬೆರಳು ಬಾಯಿ ಹತ್ತಿರ ತರಲಾಗಲಿಲ್ಲ.

ಅದಾಗಿ ಮೂರು ತಿಂಗಳಿಗೆ ನನ್ನ ತಂಗಿಯ ಮಗಳು ಬಂದಳು. ಅವಳು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಯಂತ್ರ ನೋಡಿಕೊಳ್ಳುವವಳು. ಮೂತ್ರಪಿಂಡ ಕೆಟ್ಟವರ ರಕ್ತ ಶುದ್ಧ ಮಾಡುವ ಯಂತ್ರ. ಬೆಳಿಗ್ಗೆ ಆರಕ್ಕೆ ಮೊದಲನೇ ರೋಗಿ ಮಲಗಬೇಕು. ಐದೂಮುಕ್ಕಾಲಿಗೆ ಇವಳು ಯಂತ್ರ ತೊಳೆದು ಸಿದ್ಧ ಮಾಡಿರಬೇಕು. ಆ ವಿಭಾಗವನ್ನು ಊರಾಚೆಯ ಹೊಸ ಕಟ್ಟಡಕ್ಕೆ ಸಾಗಿಸಿದ್ದರು. ಅಲ್ಲಿಗೆ ಮೊದಲ ಬಸ್ಸು ಹೊರಡುವುದೇ ಆರು ಗಂಟೆಗೆ. ಇಷ್ಟು ದಿನ ಪೇಪರ್ ಹಂಚುವ ವ್ಯಾನಿನಲ್ಲಿ ಕಟ್ಟುಗಳ ನಡುವೆ ಮುದುರಿ ಕೂತು ಹೋಗುತ್ತಿದ್ದಳು. ಆ ವ್ಯಾನು ಆ ತಿಂಗಳ ಕೊನೆಗೆ ಆ ದಾರಿ ಬಿಡಲಿತ್ತು.

“ಎರಡು ದಿನ ಲೇಟಾಗಿದೆ ದೊಡ್ಡಮ್ಮ. ರೋಗಿಗಳು ಕಾಲು ಊದಿಸಿಕೊಂಡು ಬಾಗಿಲಲ್ಲೇ ಕೂತಿದ್ರು. ಇನ್ನೊಂದು ಸಲ ಆದ್ರೆ ಹತ್ತಿರದಲ್ಲಿರೋ ಬೇರೆ ಯಾರನ್ನಾದ್ರೂ ಕೆಲಸಕ್ಕೆ ತಗೋತೀವಿ ಅಂತ ಹೇಳಿದಾರೆ. ಹೊಸ ಕಾರು ನಂಗೆಲ್ಲಿ ಆಗುತ್ತೆ? ನಿಮ್ಮ ಪಕ್ಕದ ಯಾರ್ಡಲ್ಲಿ ಒಂದು ಬೂದು ಬಣ್ಣದ್ದು ನೋಡಿದೀನಿ. ಹತ್ತು ವರ್ಷ ಹಳೇದು. ನಡುದಾರೀಲಿ ಕೈಕೊಡದಿದ್ರೆ ಸಾಕು. ಆ ಹೊತ್ತಲ್ಲಿ ಆ ರಸ್ತೇಲಿ ಒಂದು ನಾಯೀನೂ ಇರಲ್ಲ.”

ಆಗ ನಾನು ಮಾಡಿದ ತಪ್ಪು ನೋಡಿ. “ನಮ್ಮ ಡಾಕ್ಟರ್ ಇದಾನೆ, ಅವನಿಗೆ ತೋರಿಸೋಣ” ಅಂದೆ. ಕಿವುಡನೆಂದು ಗೊತ್ತಿದ್ದೂ ಅಂದೆ. ಊರವರಿಗೆಲ್ಲ ಟೋಪಿ ಹಾಕುವವನು ದಿನಾ ಟೀ ಕುಡಿಯುವ ಬೆಂಚಿನವಳಿಗೆ ಹಾಕುತ್ತಾನೆಯೇ ಎಂಬ ಧೈರ್ಯ. ಈ ರಸ್ತೆಯಲ್ಲಿ ಮೂವತ್ತು ವರ್ಷ ಇದ್ದವರಿಗೆ ಇಂಥ ಒಂದು ರೋಗ ಅಂಟುತ್ತದೆ. ಮೋಸವೆಲ್ಲ ಹೊರಗಿನವರಿಗೆ, ನಾವು ಒಳಗಿನವರು ಅಂದುಕೊಳ್ಳುತ್ತೇವೆ.

ಡಾಕ್ಟರು ಟೀಗೆ ಬಂದಾಗ ಎದ್ದು ಅವನ ಎಡಗಡೆಗೆ ಹೋಗಿ ಕೂತು ಹೇಳಿದೆ. “ನೋಡಪ್ಪ, ಬರೋದು ನನ್ನ ತಂಗಿ ಮಗಳು. ಈ ಒಂದು ಸಲ ಈ ಕಿವಿಗೆ ಇಟ್ಕೊಂಡು ಕೇಳು.”

“ಅಯ್ಯೋ ಅಕ್ಕಾ, ಇದನ್ನೂ ಹೇಳಬೇಕಾ? ನಿಮ್ಮ ಮಗು ಅಂದ್ರೆ ನನ್ನ ಮಗು ಅಲ್ವಾ?” ಅಂದ. ಎದೆ ಮುಟ್ಟಿಕೊಂಡು ಅಂದ.

ಭಾನುವಾರ ಬೆಳಿಗ್ಗೆ ಹೋದೆವು. ಬೂದು ಕಾರನ್ನು ತೊಳೆದು, ಮೇಣ ಹಚ್ಚಿ, ಟಯರಿಗೂ ಕಪ್ಪು ಬಳಿದು ನಿಲ್ಲಿಸಿದ್ದರು. ಬಾಗಿಲು ತೆಗೆದರೆ ಸೆಂಟಿನ ವಾಸನೆ ಮುಖಕ್ಕೆ ರಾಚಿತು. ಕನ್ನಡಿಗೆ ಒಂದಲ್ಲ, ಮೂರು ಸೆಂಟಿನ ಬಿಲ್ಲೆ ನೇತು ಹಾಕಿದ್ದರು. ಹುಡುಗಿ ಮೂಗು ಮುಚ್ಚಿಕೊಂಡಳು.

“ಇದ್ಯಾಕೆ ಇಷ್ಟೊಂದು?”

“ಹೆಣ್ಣುಮಕ್ಕಳು ಓಡಿಸೋ ಗಾಡಿ ಅಲ್ವಾ ಮೇಡಂ, ಘಮ ಘಮ ಅಂತಿರ್ಲಿ ಅಂತ” ಎಂದ ಹಸನ್ಮುಖಿ. “ಒಬ್ಬರೇ ಓನರ್. ನೆರಳಿಂದ ಆಚೆ ತೆಗೆದೇ ಇಲ್ಲ. ಮಗು ಥರ ಸಾಕಿದಾರೆ.”

ನನ್ನ ಹುಡುಗಿ ಯಂತ್ರದ ಜೊತೆ ಬದುಕುವವಳು, ಸುಮ್ಮನೆ ತಲೆ ಆಡಿಸುವ ಪೈಕಿ ಅಲ್ಲ. ಎಂಜಿನ್ ಆಯಿಲಿನ ಕಡ್ಡಿ ಎಳೆದು ಬಟ್ಟೆಗೆ ಒರೆಸಿ ನೋಡಿದಳು. ಬಗ್ಗಿ ಟಯರಿನ ಹಲ್ಲು ಮುಟ್ಟಿದಳು. ದೀಪ, ಹಾರನ್ನು, ಕಿಟಕಿ, ಎಲ್ಲ ಒತ್ತಿ ನೋಡಿದಳು. ಒಂದು ಕಿಟಕಿ ಅರ್ಧಕ್ಕೆ ನಿಂತಿತು.

“ಇದ್ಯಾಕೆ ಇಳೀತಿಲ್ಲ?”

“ನಿಂತು ನಿಂತು ಜಡ ಹಿಡಿದಿದೆ ಅಷ್ಟೇ. ನಂಗೂ ಬೆಳಿಗ್ಗೆ ಏಳೋವಾಗ ಹಾಗೇ ಆಗುತ್ತೆ” ಅಂದ ಡಾಕ್ಟರು. ಹಸನ್ಮುಖಿ ನಕ್ಕ.

ಆಮೇಲೆ ಬಾನೆಟ್ ಎತ್ತಿದರು. ಡಾಕ್ಟರು ಸೊಂಟದಿಂದ ಸ್ಕ್ರೂಡ್ರೈವರ್ ತೆಗೆದ. ನಾನು ಅವನ ಕೈಯನ್ನೇ ನೋಡುತ್ತಿದ್ದೆ. ಮೊನೆ ಎಂಜಿನ್ನಿನ ಮೇಲೆ ನಿಂತಿತು. ಹಿಡಿ ಮೇಲೆದ್ದಿತು. ನೆಟ್ಟಗೆ ಬಲಗಿವಿಗೆ ಹೋಯಿತು. ಕಣ್ಣು ಮುಚ್ಚಿದ. ಹ್ಞೂಂ, ಹ್ಞೂಂ.

ನಾನು ಅವನಿಗೆ ಬೆನ್ನು ಹಾಕಿ ಕಾರಿನ ಮಗ್ಗುಲಿಗೆ ಹೋದೆ. ಬಾಗಿಲು ತೆಗೆದೇ ಇತ್ತು, ಮುಂದಿನ ಸೀಟಿನ ಮೇಲೆ ಕುಕ್ಕರಿಸಿದೆ. ನನ್ನ ಭಾರಕ್ಕೆ ಸೀಟಿನೊಳಗೆ ಏನೋ ಚರಚರ ಅಂದಿತು. ರೆಕ್ಸಿನ್ ಹಾಗೆ ಸದ್ದು ಮಾಡುವುದಿಲ್ಲ, ಪ್ಲಾಸ್ಟಿಕ್ ಮಾಡುತ್ತದೆ. ಎದ್ದು ಮತ್ತೆ ಕೂತೆ. ಚರಚರ. ಬಗ್ಗಿ ಸೀಟಿನ ಹಿಂದಿನ ಮಡಿಕೆಯೊಳಗೆ ಬೆರಳು ತೂರಿಸಿದೆ. ಒಂದು, ಎರಡು, ಮೂರು ಗಂಟು. ಎಳೆದು ನೋಡಿದರೆ ನೀಲಿ ದಾರ.

ಹೊರಗೆ ಡಾಕ್ಟರು ಹೇಳುತ್ತಿದ್ದ. “ಎದೆ ಗಟ್ಟಿ ಇದೆಯಮ್ಮ. ಸ್ವಲ್ಪ ನೆಗಡಿ. ಕಣ್ಣು ಮುಚ್ಕೊಂಡು ತಗೊಳ್ಳಿ.”

ಹುಡುಗಿ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಆಗಲೇ ನಾಳೆಯ ಬೆಳಗಿನ ನೆಮ್ಮದಿ ಇತ್ತು. “ದೊಡ್ಡಮ್ಮ, ಏನಂತೀರಾ? ಇವತ್ತೇ ಮುಂಗಡ ಕೊಟ್ಟುಬಿಡ್ಲಾ?”

ನನ್ನ ಕೆಲಸದಲ್ಲಿ ಮುಕ್ಕಾಲು ಪಾಲು ಬರುವುದು ಈ ಯಾರ್ಡಿನಿಂದ. ಬಾಯಿ ಬಿಟ್ಟರೆ ನಾಳೆಯಿಂದ ಎರಡು ಯಂತ್ರಕ್ಕೂ ಬಟ್ಟೆ ಮುಚ್ಚಿಡಬೇಕು. ಅದೂ ತಲೆಯಲ್ಲಿ ಸುಳಿಯಿತು, ಸುಳಿಯಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಇನ್ನೂ ಬೆಳಕು ಹರಿಯದ ಆ ರಸ್ತೆಯಲ್ಲಿ ಈ ಕಾರು ನಿಂತುಹೋಗಿ, ಇವಳು ಒಳಗೊಬ್ಬಳೇ ಕೂತಿರುವುದು ಅದಕ್ಕಿಂತ ಸ್ಪಷ್ಟವಾಗಿ ಕಣ್ಣಿಗೆ ಕಟ್ಟಿತು.

“ಆ ಬೆಲ್ಟ್ ಎಳಿ ಮಗಾ” ಅಂದೆ.

“ಯಾವ ಬೆಲ್ಟು?”

“ಸೀಟಿನ ಬೆಲ್ಟು. ಕಟ್ಟಿಕೊಳ್ಳೋವಷ್ಟಲ್ಲ, ಪೂರ್ತಿ, ಇನ್ನು ಬರಲ್ಲ ಅನ್ನೋವರೆಗೂ ಎಳಿ.”

ಎಳೆದಳು. ಮೊದಲ ಎರಡು ಮೊಳ ಕಪ್ಪಗೆ, ಶುದ್ಧ. ಆಮೇಲೆ ಬಂದದ್ದು ಕೆಸರು ಬಣ್ಣ. ಒಣಗಿದ ಮಣ್ಣು ಅವಳ ಅಂಗೈಗೆ ಉದುರಿತು. ತೊಳೆಯುವವರ ಕೈ ಬೆಲ್ಟಿನ ಸುರುಳಿಯ ಒಳಗೆ ಹೋಗಿರಲಿಲ್ಲ.

“ಏನಿದು?” ಅಂದಳು.

ನಾನು ಹೊಲಿಗೆ ಬಿಚ್ಚುವ ಕೊಕ್ಕೆಯನ್ನು ಚೀಲದಿಂದ ತೆಗೆದು ಸೀಟಿನ ಅಂಚಿಗೆ ಹಾಕಿ ಎಳೆದೆ. ನನ್ನ ಹೊಲಿಗೆ ಸುಲಭಕ್ಕೆ ಬಿಡುವುದಲ್ಲ, ಆದರೂ ಎಲ್ಲಿ ಹಿಡಿದು ಎಳೆದರೆ ಬಿಡುತ್ತದೆಂದು ನನಗಿಂತ ಯಾರಿಗೆ ಗೊತ್ತು? ರೆಕ್ಸಿನ್ ಬಾಯಿ ಬಿಟ್ಟಿತು. ಪ್ಲಾಸ್ಟಿಕ್ ಹರಿದೆ. ಮೂರು ಬಿಲ್ಲೆಗಳ ಸೆಂಟನ್ನು ಮೀರಿ ಚರಂಡಿಯ ನಾತ ಎದ್ದಿತು. ಪ್ಲಾಸ್ಟಿಕ್ಕಿನ ಒಳಗೆ ಬೆವತು ಬೆವತು ಸ್ಪಂಜಿನ ಮೇಲೆ ಹಸಿರು ಬೂಷ್ಟು ಉಣ್ಣೆಯಂತೆ ಬೆಳೆದಿತ್ತು. ಅದರೊಳಗೆ ಸತ್ತ ಹುಳಗಳು, ಅಕ್ಕಿ ಚೆಲ್ಲಿದ ಹಾಗೆ.

ಹಸನ್ಮುಖಿ ಆಗಲೂ ನಗುತ್ತಿದ್ದ. “ಅಮ್ಮಾ, ಇದನ್ನ ಹೊಲಿದಿದ್ದು ನೀವೇ ಅಲ್ವಾ? ಈಗ ಏನ್ ಸತ್ಯವಂತರ ಥರ...”

“ಹೌದಪ್ಪ, ನಾನೇ. ಅದಕ್ಕೇ ಗೊತ್ತು.”

ಡಾಕ್ಟರು ಸ್ಕ್ರೂಡ್ರೈವರನ್ನು ಪ್ಯಾಂಟಿಗೆ ಒರೆಸುತ್ತಾ ನಿಂತಿದ್ದ. ನಾನು ಇಳಿದು, ಅವನ ಎಡಗಡೆಗೆ ಹೋದೆ.

“ಎಂಜಿನ್ ಒಳಗೂ ನೀರು ಹೋಗಿತ್ತು, ಅಲ್ವಾ? ವೈರೆಲ್ಲ ಕೊಳೀತಿದೆ, ಅಲ್ವಾ? ನಿಂಗೆ ಗೊತ್ತಿತ್ತು.”

“ಎಂಜಿನ್ ನೋಡು ಅಂದ್ರು, ನೋಡ್ದೆ. ಸ್ಟಾರ್ಟ್ ಆಯ್ತಲ್ಲಾ? ಸೀಟಿಗೂ ನಂಗೂ ಏನಕ್ಕಾ ಸಂಬಂಧ?” ಅಂದ. ಆಮೇಲೆ ಮೆಲ್ಲಗೆ, ನನಗೊಬ್ಬಳಿಗೇ ಕೇಳುವ ಹಾಗೆ, “ನಂದೂ ಹೊಟ್ಟೆಪಾಡಲ್ವಾ? ನೀವು ಹೊಲಿದ್ರಿ, ನಾನು ಕೇಳ್ದೆ. ಏನ್ ವ್ಯತ್ಯಾಸ?”

ಥೂ ಅನ್ನಬೇಕೆಂದುಕೊಂಡೆ. ಅನ್ನದೆ ಕೊಕ್ಕೆಯನ್ನು ಚೀಲಕ್ಕೆ ಹಾಕಿಕೊಂಡೆ.

ಹುಡುಗಿ ಕೈ ಒರೆಸಿಕೊಳ್ಳಲು ಏನೂ ಸಿಗದೆ, ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡೇ ಗೇಟಿನ ಆಚೆ ನಡೆದಳು. ನನ್ನ ಅಂಗಡಿಯ ನಲ್ಲಿಯಲ್ಲಿ ಆಸ್ಪತ್ರೆಯವರು ತೊಳೆಯುವ ರೀತಿ ಮೊಣಕೈವರೆಗೂ ತೊಳೆದಳು. ಆಮೇಲೆ ನನ್ನ ಮುಖ ನೋಡದೆ ಕೇಳಿದಳು.

“ದೊಡ್ಡಮ್ಮ, ಹೀಗೆ ಬೇರೆ ಎಷ್ಟು ಹೊಲಿದಿದೀರಾ?”

“ಹುಳ ಇದ್ದಿದ್ದು ಇದೊಂದೇ” ಅಂದೆ.

“ಹುಳ ಇಲ್ಲದ್ದು?”

ಬೇಕಾದಷ್ಟು ಹೊಲಿದಿದ್ದೆ. ವಾಂತಿಯ ಮೇಲೆ, ಬೂಷ್ಟಿನ ಮೇಲೆ, ಒಮ್ಮೆ ಒಣಗಿದ ರಕ್ತದ ಮೇಲೆ. ಹಾಗೆಯೇ ಹೇಳಿದೆ. ಅವಳು ನಲ್ಲಿ ನಿಲ್ಲಿಸಿ ಹೊರಟುಹೋದಳು.

ನಾಲ್ಕು ದಿನ ಅವಳ ಫೋನಿಲ್ಲ. ಐದನೇ ದಿನ ಅವಳೇ ಮಾಡಿದಳು. ಪೇಪರ್ ವ್ಯಾನಿನ ಡ್ರೈವರ್ ತಮ್ಮ ಕಾರು ಮಾರುವವರೊಬ್ಬರ ವಿಷಯ ಹೇಳಿದ್ದನಂತೆ. ನಿವೃತ್ತರಾದ ಮೇಷ್ಟ್ರು, ಕಣ್ಣು ಮಂಜಾಗಿ ಕಾರು ಓಡಿಸುವುದನ್ನು ಬಿಟ್ಟವರು. “ನೀವೂ ಬನ್ನಿ” ಅಂದಳು, “ಮುಚ್ಚಿಡೋದು ಎಲ್ಲೆಲ್ಲಿ ಅಂತ ನಿಮಗಲ್ವಾ ಗೊತ್ತಿರೋದು?” ಮಾತು ಚುಚ್ಚಿತು. ಚುಚ್ಚಲಿ ಎಂದು ಹೋದೆ.

ಆ ಕಾರು ನೋಡಲು ದರಿದ್ರವಾಗಿತ್ತು. ಬಣ್ಣ ಹೋಗಿತ್ತು, ಒಂದು ಬಾಗಿಲು ನೆಗ್ಗಿತ್ತು, ಸೀಟು ಹರಿದು ಹಳದಿ ಸ್ಪಂಜು ಹಲ್ಲುಕಿರಿಯುತ್ತಿತ್ತು. ನಾವಿಬ್ಬರೂ ನಾಲ್ಕೂ ಬೆಲ್ಟು ಕೊನೆವರೆಗೆ ಎಳೆದೆವು. ನೆಲದ ಚಾಪೆ ಎತ್ತಿ ತಗಡು ನೋಡಿದೆವು. ಡಿಕ್ಕಿಯಲ್ಲಿ ಸ್ಟೆಪ್ನಿ ಟಯರ್ ಎತ್ತಿ ಅದರಡಿಯ ಗುಂಡಿಯಲ್ಲಿ ಕೈಯಾಡಿಸಿದೆ. ಧೂಳು ಬಿಟ್ಟರೆ ಒಂದು ಬಳಪದ ತುಂಡು. ಎಂಜಿನ್ ತಣ್ಣಗಿದ್ದಾಗಲೇ ಚಾಲೂ ಮಾಡಿಸಿದಳು. ನಾನು ಮೇಷ್ಟ್ರ ಮನೆಯ ಸ್ಕ್ರೂಡ್ರೈವರ್ ಈಸಿಕೊಂಡು, ಹಿಡಿ ಕಿವಿಗಿಟ್ಟು ಕೇಳಿದೆ. ಟಿಕ್ ಟಿಕ್ ಎಂದು ಒಂದು ಒಣ ಸದ್ದು. ನನ್ನ ಹೊಲಿಗೆ ಯಂತ್ರ ಎಣ್ಣೆ ಬೇಡುವಾಗ ಹಾಗೇ ಅನ್ನುತ್ತದೆ.

“ಒಣಗಿದೆ ಅನ್ಸುತ್ತಲ್ಲಾ ಮೇಷ್ಟ್ರೇ?”

“ಹೌದಮ್ಮ, ಎಂಟು ತಿಂಗಳಿಂದ ಆಯಿಲ್ ಬದಲಾಯಿಸಿಲ್ಲ. ಬ್ರೇಕೂ ಸ್ವಲ್ಪ ಆಳಕ್ಕೆ ಹೋಗುತ್ತೆ, ಸರಿ ಮಾಡಿಸಿಯೇ ಓಡಿಸಿ” ಅಂದರು. ಕೇಳದಿದ್ದ ಬ್ರೇಕಿನ ವಿಷಯವನ್ನೂ ಹೇಳಿದರಲ್ಲ, ಹುಡುಗಿ ಅಲ್ಲಿಗೇ ಒಪ್ಪಿದಳು. ಬ್ರೇಕು ಸರಿ ಮಾಡಿಸಿ, ತಿಂಗಳು ಮುಗಿಯಲು ಎರಡು ದಿನ ಇರುವಾಗ ಮೊದಲ ಸಲ ಓಡಿಸಿಕೊಂಡು ಹೋದಳು. ಐದು ಗಂಟೆಗೇ ತಲುಪಿ, “ಬಂದೆ” ಎಂದು ಒಂದೇ ಮಾತು ಫೋನಿನಲ್ಲಿ ಹೇಳಿದಳು.

ಸೀಟಿಗೆ ಕವರ್ ಹೊಲಿದು ಕೊಡುತ್ತೇನೆ ಅಂದೆ. “ಬೇಡ ದೊಡ್ಡಮ್ಮ. ಹರಿದಿದ್ದು ಹರಿದ ಹಾಗೇ ಕಾಣ್ತಿರ್ಲಿ” ಅಂದಳು.

ಯಾರ್ಡಿನಿಂದ ನನಗೆ ಸೀಟು ಬರುವುದು ನಿಂತಿದೆ. ಒಂದು ಯಂತ್ರಕ್ಕೆ ಬಟ್ಟೆ ಮುಚ್ಚಿದ್ದೇನೆ. ಇನ್ನೊಂದರಲ್ಲಿ ಚೀಲ, ದಿಂಬಿನ ಕವರು ಹೊಲಿಯುತ್ತೇನೆ. ಬೂದು ಕಾರಿನ ಸೀಟನ್ನು ಬೇರೆ ಯಾರೋ ಹೊಲಿದು ಕೊಟ್ಟರು. ಎರಡು ವಾರಕ್ಕೆ ಅದು ಯಾರದೋ ಮನೆ ಸೇರಿತು. ಅವತ್ತು ಬಾನೆಟ್ ಎತ್ತಿದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಕೂಗಿ ಹೇಳುವಷ್ಟರಲ್ಲಿ ಹಸನ್ಮುಖಿ ಕೊಳ್ಳಲು ಬಂದವರನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡ.

ಡಾಕ್ಟರು ಈಗಲೂ ಬರುತ್ತಾನೆ. ಏನೂ ಆಗಿಲ್ಲವೆಂಬಂತೆ ಅದೇ ಬೆಂಚಿನ ಮೇಲೆ, ಬಲಗಿವಿ ನನ್ನ ಕಡೆ ಮಾಡಿ ಕೂತು, ಟೀ ಊದಿ ಊದಿ ಕುಡಿಯುತ್ತಾನೆ. ನಾನು ಈಗ ಎದ್ದು ಬೆಂಚು ಬಳಸಿ ಹೋಗುವುದಿಲ್ಲ. ಯಂತ್ರದ ಮುಂದೆ ಕೂತಲ್ಲಿಂದಲೇ ಕೇಳುತ್ತೇನೆ, “ಆ ಬೂದು ಕಾರು ತಗೊಂಡೋರು ಯಾರಪ್ಪ? ಅವರ ಮನೆ ಎಲ್ಲಿ?”

ನಾಲ್ಕು ಜನರ ಮುಂದೆಯೇ ಅವನು “ಆಂ?” ಅನ್ನುತ್ತಾನೆ. ನಾನು ದಿನಾ ಕೇಳುತ್ತೇನೆ.